‘ನಕ್ಕೋ’ ಅನ್ನೋದೂ ಒಂದು ಉತ್ತರ

ನಮ್ಮ ಕ್ಯಾಂಪಸ್ಸಿನಲ್ಲಿ ಸರ್ವೆ ಅಂದರೆ ಗೂಗಲ್ ಫಾರ್ಮ್. ರಾತ್ರಿ ಹನ್ನೊಂದಕ್ಕೆ ಕ್ಲಾಸ್ ಗ್ರೂಪಿಗೆ ಲಿಂಕ್ ಬಿಡೋದು, ‘ಪ್ಲೀಸ್ ಫಿಲ್ ಮಾಡ್ರೋ’ ಅಂತ ಗೋಗರೆಯೋದು, ಅರ್ಧ ಜನ ಪ್ರಶ್ನೆ ಓದದೇ ಟಿಕ್ ಹಾಕೋದು. ಈ ಸೆಮಿಸ್ಟರಿನಲ್ಲಿ ನಾವು ನಾಲ್ಕು ಜನ ಕೈಹಾಕಿರುವ ಕೆಲಸ ಬೇರೆ ಥರದ್ದು. ತುಮಕೂರಿನ ಒಂದು ಓಣಿಯಲ್ಲಿ ಬೀಡಿ ಕಟ್ಟುವ ಮುಸ್ಲಿಂ ಹೆಂಗಸರು ತಮ್ಮವರಿಗೆ ಆಸ್ಪತ್ರೆ ಎಷ್ಟರ ಮಟ್ಟಿಗೆ ಸಿಗುತ್ತಿದೆ, ಎಲ್ಲಿ ತಪ್ಪಿಹೋಗುತ್ತಿದೆ ಅನ್ನೋದನ್ನ ಮನೆಮನೆಗೆ ಹೋಗಿ ತಾವೇ ಕೇಳಿ ಬರೆದಿಡಲು ಹೊರಟಿದ್ದಾರೆ. ಪ್ರಶ್ನೆಗಳು ಅವರವು. ಅವನ್ನು ಮೊಬೈಲಿನಲ್ಲಿ ಫಾರ್ಮ್ ಮಾಡಿಕೊಡೋದು ನಮ್ಮ ಪಾಲಿನ ಕೆಲಸ.

ಶುರು ಮಾಡುವ ಮುಂಚೆ ನಾವು ಓದಿಕೊಂಡದ್ದು ಪೋಲಿಯೋ ವಿಷಯ. ಭಾನುವಾರ ಅಮ್ಮನ ಸೊಂಟದ ಮೇಲೆ ಕೂತು ಹೋಗಿ ಎರಡು ಹನಿ ಹಾಕಿಸಿಕೊಂಡು ಬಂದ ತಲೆಮಾರು ನಮ್ಮದು, ಅದರ ಹಿಂದೆ ಇಷ್ಟು ಕಥೆ ಇದೆ ಅಂತ ಗೊತ್ತಿರಲಿಲ್ಲ. 2002ರಲ್ಲಿ ದೇಶದಲ್ಲಿ ಸುಮಾರು 1600 ಮಕ್ಕಳಿಗೆ ಪೋಲಿಯೋ ಬಂತು. ಬಹುಪಾಲು ಉತ್ತರ ಪ್ರದೇಶದಲ್ಲಿ. ಅದರಲ್ಲೂ ಮುಸ್ಲಿಂ ಮಕ್ಕಳ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅನ್ನುವ ಗಾಳಿಸುದ್ದಿ ಹಬ್ಬಿತ್ತು.

ಲಸಿಕೆ ತಂಡದವರು ಪ್ರತಿ ಮನೆಯ ಗೋಡೆ ಮೇಲೂ ಒಂದು ಗುರುತು ಹಾಕುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ‘ಪಿ’, ಯಾರಾದರೂ ಉಳಿದಿದ್ದರೆ ‘ಎಕ್ಸ್’. ಯಾಕೆ ಉಳಿಯಿತು ಅನ್ನೋದಕ್ಕೆ ಎಕ್ಸ್ ಪಕ್ಕ ಇನ್ನೊಂದು ಅಕ್ಷರ: ಮಗುವಿಗೆ ಹುಷಾರಿಲ್ಲದಿದ್ದರೆ ‘ಎಸ್’, ಬೇಡ ಅಂದರೆ ‘ಆರ್’. ಕೋಡಿಂಗ್ ಮಾಡುವವರಿಗೆ ಇದು ಥಟ್ಟನೆ ಇಷ್ಟವಾಗುತ್ತೆ. ನಮಗೂ ಆಯ್ತು. ನಾಲ್ಕೇ ಅಕ್ಷರದಲ್ಲಿ ಇಡೀ ಓಣಿಯ ಸ್ಟೇಟಸ್!

ತೊಡಕು ಇದ್ದದ್ದು ಆ ‘ಆರ್’ನಲ್ಲಿ. ಬೇಡ ಅಂದ ಮನೆಗಳಲ್ಲಿ ಕೂತು ಕೇಳಿದಾಗ ಬಂದ ಮಾತುಗಳಲ್ಲಿ ಗಾಳಿಸುದ್ದಿ ಒಂದು ಭಾಗ ಅಷ್ಟೆ. ಮಗುವಿಗೆ ಜ್ವರ ಬಂದರೆ ಒಬ್ಬರೂ ಬರಲ್ಲ, ಚರಂಡಿ ತುಂಬಿ ಹರಿದರೆ ಕೇಳೋರಿಲ್ಲ, ಈ ಹನಿ ಮಾತ್ರ ಯಾಕೆ ಮತ್ತೆ ಮತ್ತೆ ಬಾಗಿಲಿಗೆ ಬರುತ್ತೆ ಅಂತ ಜನ ಕೇಳುತ್ತಿದ್ದರು. ಇದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಯಾಕಂದರೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ಬಾಯಿಗೆ ಹಾಕುವ ಲಸಿಕೆಯ ಒಂದೊಂದು ಡೋಸೂ ದೇಶದ ಬೇರೆ ಕಡೆಗಿಂತ ಕಡಿಮೆ ಕೆಲಸ ಮಾಡುತ್ತಿತ್ತು. ಕಿಕ್ಕಿರಿದ ವಸತಿ, ಕೆಟ್ಟ ನೈರ್ಮಲ್ಯ, ಮಕ್ಕಳ ಹೊಟ್ಟೆಯಲ್ಲಿ ಸದಾ ಇರುವ ಭೇದಿ ಮತ್ತು ಸೋಂಕುಗಳನ್ನು ಇದಕ್ಕೆ ಕಾರಣವಾಗಿ ವಿಜ್ಞಾನಿಗಳು ತೋರಿಸಿದರು. ಹಾಗಾಗಿಯೇ ಅಷ್ಟು ಸುತ್ತು ಹನಿ ಬೇಕಾದದ್ದು. ಚರಂಡಿ ಅಂತ ಬೈದು ಬಾಗಿಲು ಹಾಕಿಕೊಂಡ ತಾಯಿ ನೇರವಾಗಿ ರೂಟ್ ಕಾಸ್‌ಗೇ ಕೈ ಇಟ್ಟಿದ್ದಳು. ಗೋಡೆಯ ಮೇಲೆ ಅದು ‘ಎಕ್ಸ್ ಆರ್’ ಆಗಿತ್ತು.

ಆಮೇಲೆ ದಾರಿ ಬದಲಾಯಿತು. ಅಲಿಗಢ, ಜಾಮಿಯಾ ವಿಶ್ವವಿದ್ಯಾಲಯಗಳವರು ಸೇರಿಕೊಂಡರು, ಮಸೀದಿಗಳಿಂದ ಘೋಷಣೆಯಾಯಿತು, ಆಯಾ ಓಣಿಯ ಹೆಂಗಸರೇ ಮನೆಮನೆ ಸುತ್ತಿದರು. 2009ರಲ್ಲಿ ಅತಿ ಹೆಚ್ಚು ಅಪಾಯದ 107 ಬ್ಲಾಕ್‌ಗಳನ್ನು ಆರಿಸಿ, ಹನಿಯ ಜೊತೆಗೆ ನೈರ್ಮಲ್ಯ, ಓಆರ್‌ಎಸ್, ಜಿಂಕ್, ಎದೆಹಾಲಿನ ವಿಷಯವನ್ನೂ ಸೇರಿಸಿದರು. ದೇಶದ ಕೊನೆಯ ವೈಲ್ಡ್ ಪೋಲಿಯೋ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ, 2011ರ ಜನವರಿಯಲ್ಲಿ.

ಈಗ ನಮ್ಮ ತುಮಕೂರಿನ ಓಣಿಗೆ ಬರೋಣ. ಇಂಥ ಫಾರ್ಮುಗಳಲ್ಲಿ ‘ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?’ ಅನ್ನೋದರ ಕೆಳಗೆ ‘ಅರಿವಿನ ಕೊರತೆ’ ಅಂತ ಒಂದು ಆಯ್ಕೆ ಸಾಮಾನ್ಯವಾಗಿ ಇರುತ್ತೆ. ಇಡೋಣವಾ ಅಂತ ಕೇಳಿದೆವು. ಗುಂಪಿನಲ್ಲಿ ಹಿರಿಯರಾದ ಒಬ್ಬ ಖಾಲಾ ಮೊರದ ಮೇಲಿನ ಕೈ ನಿಲ್ಲಿಸದೇ ಅಂದರು: “ಆಸ್ಪತ್ರೆ ಎಲ್ಲಿದೆ ಅಂತ ಗೊತ್ತಿಲ್ದೇ ಇರೋರು ಯಾರಪ್ಪಾ ಇಲ್ಲಿ? ಹೋದ್ರೆ ಒಂದು ದಿನ ಹೋಗುತ್ತೆ. ಅದನ್ನ ಬರ್ಕೋ ಬೇಟಾ.”

ಖಾಲಾ ಮಾತಿಗೆ ಪುರಾವೆ ದೇಶದ ಅಂಕಿಅಂಶದಲ್ಲೇ ಇದೆ. ಬಡತನ ಹೆಚ್ಚಿದ್ದರೂ ಮುಸ್ಲಿಂ ಕುಟುಂಬಗಳಲ್ಲಿ ಶಿಶು ಮರಣ ಸರಾಸರಿಗಿಂತ ಕಡಿಮೆ ಇರೋದನ್ನು 2006ರ ಸಾಚಾರ್ ಸಮಿತಿ ವರದಿಯೂ ಗುರುತಿಸಿತ್ತು. ಬಹಳ ದಿನ ಇದು ಒಗಟಾಗಿತ್ತು. ಈ ಕುಟುಂಬಗಳಲ್ಲೂ ಅವರ ನೆರೆಹೊರೆಯಲ್ಲೂ ಶೌಚಾಲಯದ ಬಳಕೆ ಹೆಚ್ಚು, ಬಯಲಿಗೆ ಹೋಗೋದು ಕಡಿಮೆ, ಅದೇ ದೊಡ್ಡ ಕಾರಣ ಅಂತ 2018ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದರು. ‘ಅರಿವಿನ ಕೊರತೆ’ ಆಯ್ಕೆ ಫಾರ್ಮಿಗೆ ಸೇರಲಿಲ್ಲ.

ಸೇರಿದ್ದು ಏನು ಅಂದರೆ, ‘ಆಸ್ಪತ್ರೆಗೆ ಹೋದ ದಿನ ಎಷ್ಟು ಬೀಡಿ ತಪ್ಪಿತು?’ ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ, ಹಾಗಾಗಿ ಅವರ ಕೈಯಲ್ಲಿ ಸಮಯಕ್ಕೂ ಅದೇ ಅಳತೆ. ಕಿಲೋಮೀಟರ್ ಕೇಳುವ ಪ್ರಶ್ನೆಗಿಂತ ಇದು ನಮಗೆ ಎಷ್ಟೋ ಚೆನ್ನಾಗಿ ಕಂಡಿತು. ‘ನಿಮ್ಮನ್ನ ಏನಂತ ಕರೆದರು?’ ಅಂತ ಇನ್ನೊಂದು. ‘ಬುರ್ಖಾ ತೆಗೆಯೋಕೆ ಹೇಳಿದಾಗ ಪರದೆ ಇತ್ತಾ, ಹೆಣ್ಣು ಡಾಕ್ಟರ್ ಇದ್ದರಾ?’ ಅಂತ ಮತ್ತೊಂದು. ಬೀಡಿ ಕಾರ್ಡಿನ ಮೇಲೆ ಕೊನೆಯ ಸಲ ಔಷಧಿ ಸಿಕ್ಕಿದ್ದು ಯಾವಾಗ ಅಂತಲೂ ಇದೆ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ದುಡ್ಡು ತರುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ನಿಂತುಹೋಯಿತು ಅನ್ನೋದು ನಮಗೆ ಗೊತ್ತಾದದ್ದೇ ಈ ಪ್ರಶ್ನೆಯಿಂದ.

ಇನ್ನು ನಮ್ಮ ಕಡೆಯ ಕೆಲಸ. ಕೋಬೋ ಟೂಲ್‌ಬಾಕ್ಸ್ ಬಳಸುತ್ತಿದ್ದೇವೆ, ನೆಟ್‌ವರ್ಕ್ ಇಲ್ಲದೆಯೂ ಫಾರ್ಮ್ ತುಂಬಬಹುದು. ಮನೆಮಾತು ದಖ್ಖನಿ. ಕೆಲವರಿಗೆ ಕನ್ನಡ ಓದಲು ಬರುತ್ತೆ, ಕೆಲವರಿಗೆ ಉರ್ದು, ಕೆಲವರಿಗೆ ಎರಡೂ ಇಲ್ಲ. ಅದಕ್ಕೆ ಪ್ರತಿ ಪ್ರಶ್ನೆಗೂ ಆಡಿಯೋ ಜೋಡಿಸುತ್ತಿದ್ದೇವೆ, ದನಿ ಓಣಿಯವರದ್ದೇ. ಹೆಸರು, ಆಧಾರ್, ಫೋನ್ ನಂಬರ್, ಜಿಪಿಎಸ್ ಯಾವುದೂ ಇರಬಾರದು ಅಂತ ಮೊದಲ ದಿನವೇ ಹೇಳಿಬಿಟ್ಟರು. 2020ರ ಶುರುವಿನಲ್ಲಿ ಎನ್‌ಆರ್‌ಸಿ ಭಯಕ್ಕೆ ದೇಶದ ಹಲವು ಕಡೆ ಸರ್ವೆಯವರನ್ನು ಜನ ಬಾಗಿಲಿಂದಲೇ ವಾಪಸ್ ಕಳಿಸಿದ್ದರು, ಆ ನೆನಪು ಇನ್ನೂ ಹಸಿಯಾಗಿದೆ. ಲೊಕೇಶನ್ ಇಲ್ಲದಿದ್ದರೆ ಮ್ಯಾಪ್ ಬರಲ್ಲ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮ್ಯಾಪ್ ಇದ್ದಿದ್ದರೆ ಚೆಂದ ಕಾಣ್ತಿತ್ತು. ಇರಲಿ. ಬಂದ ಉತ್ತರಗಳನ್ನ ಮೊದಲು ಓಣಿಯಲ್ಲೇ ಓದಿ ಹೇಳಬೇಕು, ಆಮೇಲೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಆಮೇಲೆ ನಮ್ಮ ಗೈಡ್‌ಗೆ. ಈ ಕ್ರಮವೂ ಅವರದ್ದೇ.

ಉತ್ತರ ಕೊಡಲು ಇಷ್ಟವಿಲ್ಲದವರಿಗೆ ಒಂದು ಬಟನ್ ಇದೆ, ಅದರ ಮೇಲೆ ಬರೆದಿರೋದು ‘ನಕ್ಕೋ’. ದಖ್ಖನಿಯಲ್ಲಿ ಬೇಡ ಅಂತ ಅರ್ಥ. ಅದನ್ನ ಒತ್ತಿದರೆ ಫಾರ್ಮ್ ಮುಗಿಯೋದಿಲ್ಲ. ‘ಕೈಕು?’ ಅಂದರೆ ಯಾಕೆ ಅಂತ ಒಂದು ಖಾಲಿ ಜಾಗ ತೆರೆಯುತ್ತೆ, ಮಾತನಾಡಿ ರೆಕಾರ್ಡ್ ಮಾಡಬಹುದು, ಸುಮ್ಮನೆ ಬಿಡಲೂಬಹುದು. ಅಲ್ಲಿ ಎಷ್ಟು ನಿಮಿಷದ ಮಿತಿ ಇಡಬೇಕು ಅಂತ ಚರ್ಚೆ ನಡೆಯುತ್ತಿದೆ. ಮಿತಿಯೇ ಬೇಡ ಅಂತ ಖಾಲಾ ಪಟ್ಟು. ಸರ್ವರ್ ಜಾಗ ಸಾಕಾಗುತ್ತಾ ಅಂತ ನಾವು ಲೆಕ್ಕ ಹಾಕುತ್ತಿದ್ದೇವೆ.