ಕಲ್ಯಾಣದ ಕೋಟೆಯೂ ಕಡಲಿನ ಕೋಟೆಯೂ

ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದು ಇರುವುದು. ಅಲ್ಲಿ ವೀರಭದ್ರೇಶ್ವರನ ದರ್ಶನ ಮಾಡಿಕೊಂಡು ಪಶ್ಚಿಮಕ್ಕೆ ಸಾಗಿ, ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ತಿರುಗಿದರೆ ಬಸವಕಲ್ಯಾಣವು ಬರುವುದು. ಕಡಲಿಗೆ ಬಹುದೂರವಾದ ಈ ನಾಡಿನಲ್ಲಿ ಯುದ್ಧನೌಕೆಯ ಮಾತೇಕೆಂದು ವಾಚಕರು ಕೇಳಬಹುದು. ಕೋಟೆಯ ಬುರುಜನ್ನೇರಿ ನಿಂತವರಿಗೆ ಅದರ ನೆನಪು ತಾನಾಗಿಯೇ ಬರುವುದು.

೧೧ನೆಯ ಶತಮಾನದಲ್ಲಿ ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡವನು ಚಾಲುಕ್ಯ ಒಂದನೆಯ ಸೋಮೇಶ್ವರ. ಈಗ ಕಾಣುವ ಗೋಡೆ ಬುರುಜುಗಳಲ್ಲಿ ಮುಂದಿನ ಸುಲ್ತಾನರ ಕಾಲದ ಕೆಲಸವೇ ಹೆಚ್ಚು. ಹೊರಗೆ ಕಂದಕ, ಒಳಗೆ ಗೋಡೆ, ಬಾಗಿಲಿನ ಹಿಂದೆ ಬಾಗಿಲು, ಬುರುಜಿನ ಮೇಲೆ ತೋಪು. ಶತ್ರುವನ್ನು ದೂರದಲ್ಲಿಯೇ ಕಾಣಬೇಕು, ದೂರದಲ್ಲಿಯೇ ತಡೆಯಬೇಕು. ತಪ್ಪಿಸಿಕೊಂಡು ಬಂದರೆ ಮತ್ತೊಂದು ಅಡ್ಡಿಯಿರಬೇಕು. ಕೋಟೆಯ ತತ್ತ್ವವಿಷ್ಟೆ.

ಇದೇ ತತ್ತ್ವವನ್ನು ನಮ್ಮ ಕಾಲದವರು ಮುಂಬಯಿಯ ಮಝಗಾಂವ್ ಹಡಗುಕಟ್ಟೆಯಲ್ಲಿ ಉಕ್ಕಿನಿಂದ ಸಾಧಿಸಿರುವರು. ಕನ್ನಡನಾಡಿನ ಹೆಸರನ್ನು ಹೊತ್ತ 'ಮೈಸೂರು' ಎಂಬ ವಿಧ್ವಂಸಕ ನೌಕೆಯ ಕೆಲಸವನ್ನು ಅಲ್ಲಿ ೧೯೯೧ರಲ್ಲಿ ಆರಂಭಿಸಿ, ೧೯೯೩ರ ಜೂನಿನಲ್ಲಿ ಅದನ್ನು ನೀರಿಗಿಳಿಸಿದರು. ತೇಲಿದ ಮಾತ್ರಕ್ಕೆ ಹಡಗು ಮುಗಿದಂತಲ್ಲ. ಯಂತ್ರ, ರೇಡಾರು, ಆಯುಧಗಳನ್ನೆಲ್ಲ ಜೋಡಿಸಿ ಪರೀಕ್ಷಿಸಿ ನೌಕಾಪಡೆಗೆ ಸೇರಿಸಿದ್ದು ೧೯೯೯ರ ಜೂನ್ ೨ರಂದು. ಅದರ ಉದ್ದ ೧೬೩ ಮೀಟರು. ಬುರುಜಿನ ಕಾವಲುಗಾರನ ಕಣ್ಣಿಗೆ ಬದಲಾಗಿ ಅದಕ್ಕೆ ರೇಡಾರುಂಟು. ಅಲೆಯ ಕೆಳಗಿನ ಶತ್ರುವನ್ನರಿಯಲು ಶಬ್ದವನ್ನಾಲಿಸುವ ಯಂತ್ರವುಂಟು. ತೋಪಿನ ಗುಂಡು ಒಮ್ಮೆ ಹೊರಟರೆ ಹೊರಟ ದಾರಿಯಲ್ಲಿಯೇ ಹೋಗಿ ಬೀಳುವುದು. ನಿಯಂತ್ರಿತ ಕ್ಷಿಪಣಿಯಾದರೋ ಹಾರುತ್ತಿರುವಾಗಲೇ ದಾರಿಯನ್ನು ತಿದ್ದಿಕೊಂಡು ಗುರಿಯನ್ನು ಬೆನ್ನಟ್ಟುವುದು.

ಈ ನೌಕೆಯ ಲಾಂಛನ ಗಂಡಭೇರುಂಡ. ಅದು ಮೈಸೂರರಸರ ಲಾಂಛನವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಎಷ್ಟೋ ಹಿಂದೆ, ಕಲ್ಯಾಣದ ಸೋಮೇಶ್ವರನ ಅಧೀನನಾಗಿ ಬನವಾಸಿನಾಡನ್ನಾಳುತ್ತಿದ್ದ ಚಾವುಂಡರಾಯರಸನು ಬಳ್ಳಿಗಾವೆಯಲ್ಲಿ ಗಂಡಭೇರುಂಡದ ಕಂಬವನ್ನು ನಿಲ್ಲಿಸಿದನು. ಕಲ್ಯಾಣದ ಆಳ್ವಿಕೆಯಲ್ಲಿ ಕಲ್ಲಿನ ಕಂಬವನ್ನೇರಿದ ಹಕ್ಕಿ ಇಂದು ಕಡಲನ್ನು ಕಾಯುವ ಹಡಗಿನ ಗುರುತಾಗಿರುವುದು.

ಇಷ್ಟಾದರೂ ಕಲ್ಯಾಣದ ಕಥೆಯಲ್ಲಿ ಮರೆಯಬಾರದ ಮಾತೊಂದುಂಟು. ೧೨ನೆಯ ಶತಮಾನದ ನಡುವೆ ಚಾಲುಕ್ಯರ ಸಿಂಹಾಸನವನ್ನು ಕಸಿದುಕೊಂಡವನು ಹೊರಗಿನ ಶತ್ರುವಲ್ಲ. ಅವರ ಸಾಮಂತನೇ ಆಗಿದ್ದ ಕಲಚುರಿ ಬಿಜ್ಜಳ. ಕೋಟೆ ಕಲ್ಲಿನದಾಗಲಿ ಉಕ್ಕಿನದಾಗಲಿ, ಅದರೊಳಗೆ ನಿಂತವರ ನಿಷ್ಠೆಯನ್ನು ಯಾವ ಶಿಲ್ಪಿಯೂ ಕಟ್ಟಿಕೊಡಲಾರನು. ಅದನ್ನು ಬೆಳೆಸುವ ಕೆಲಸ ಮನೆಮನೆಯದು. ಹುಮನಾಬಾದಿನ ಕಡೆಗೆ ಹೋಗುವ ಗೃಹಸ್ಥರು ಮಕ್ಕಳನ್ನೂ ಕರೆದುಕೊಂಡು ಹೋಗಿ, ಬುರುಜಿನ ನೆರಳಿನಲ್ಲಿ ಕುಳಿತು, ಈ ಎರಡು ಕೋಟೆಗಳ ಕಥೆಯನ್ನೂ ಹೇಳಲಿ.