ಕೇರಿಗೆ ಬಂದ ಮಿಲ್ಲಿಂಗ್ ಮಿಶಿನ್ನು

ನಮ್ಮ ಕವಿಗಳಿಗೆ ಯಂತ್ರ ಅಂದರೆ ಬಹಳ ಕಾಲದಿಂದ ಒಂದು ರಾಕ್ಷಸ. ಹಳ್ಳಿಯ ನೆಮ್ಮದಿ ನುಂಗಿದ್ದು ಯಂತ್ರ. ಮನುಷ್ಯನ ಒಳಗನ್ನು ಒಣಗಿಸಿದ್ದು ಯಂತ್ರ. ಬಿ.ಎ. ತರಗತಿಯಲ್ಲಿ ನಾನೂ ಇಂಥ ಪದ್ಯಗಳನ್ನು ಬಾಯಿಪಾಠ ಮಾಡಿ ನಂಬರು ತಗೊಂಡವನೇ. ಆ ಹಳ್ಳಿಯ ನೆಮ್ಮದಿ ಯಾರದಾಗಿತ್ತು ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ. ಯಂತ್ರವನ್ನು ಬೈದು ಬರೆದವರಲ್ಲಿ ಎಷ್ಟು ಜನ ಅದರ ಹೊಟ್ಟೆಯೊಳಕ್ಕೆ ಕೈ ತೂರಿಸಿ ವರ್ಷಗಟ್ಟಲೆ ಗಟ್ಟಿಯಾದ ಗ್ರೀಸು ಬಾಚಿದ್ದರು? ನಾನು ಬಾಚಿದ್ದೇನೆ. ಆದ್ದರಿಂದ ಈ ನಾಲ್ಕು ಮಾತು.

ಯಂತ್ರ ಅಂದರೆ ಮಿಲ್ಲಿಂಗ್ ಮಿಶಿನ್ನು. ಲೇತಿನಲ್ಲಿ ಕಬ್ಬಿಣ ತಿರುಗುತ್ತದೆ, ಕೊರೆಯುವ ಟೂಲು ಸುಮ್ಮನೆ ಕೂತಿರುತ್ತದೆ. ಇದರಲ್ಲಿ ಹಾಗಲ್ಲ. ಹಲ್ಲುಹಲ್ಲಿನ ಕಟ್ಟರ್ ತಿರುಗುತ್ತದೆ, ಕಬ್ಬಿಣವನ್ನು ಬಿಗಿದುಕೊಂಡ ಟೇಬಲ್ಲು ನಿಧಾನವಾಗಿ ಅದರ ಬಾಯಿಗೆ ಹೋಗುತ್ತದೆ. ಚಪ್ಪಟೆ ಮುಖ, ಉದ್ದದ ಕಂಡಿ, ಗೇರಿನ ಹಲ್ಲು ಎಲ್ಲ ಇದರಲ್ಲಿ ಆಗುತ್ತವೆ.

2021ರಲ್ಲಿ ಅದು ಟ್ರಾಕ್ಟರ್ ಟ್ರೇಲರಿನಲ್ಲಿ ನಮ್ಮ ಕೇರಿಗೆ ಬಂದ ದಿನ, ಮಿಲ್ ಮಿಶಿನ್ ಬಂತಂತೆ ಅನ್ನೋ ಸುದ್ದಿ ನಮಗಿಂತ ಮೊದಲು ಮನೆಮನೆ ತಲುಪಿತ್ತು. ಕೆಳಗಿನ ಮನೆ ಅಜ್ಜಿ ಚೀಲ ಹಿಡಕೊಂಡೇ ಬಂದಳು.

"ರಾಗಿ ಯಾವತ್ತಿಂದ ಬೀಸ್ತೀಯಪ್ಪಾ?"

"ಇದು ರಾಗಿ ಬೀಸಲ್ಲ ಕಣಜ್ಜಿ, ಕಬ್ಬಿಣ ಬೀಸ್ತದೆ" ಅಂದ ನಮ್ಮಣ್ಣ.

"ಕಬ್ಬಿಣ ಉಣ್ಣಕಾಯ್ತದ್ಲಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಅಜ್ಜಿ ವಯಸ್ಸಿನಲ್ಲಿದ್ದಾಗ ಊರ ಮಿಲ್ಲಿನ ಜಗಲಿಯ ಕೆಳಗೆ ಚೀಲ ಇಟ್ಟುಕೊಂಡು, ಊರಿನವರೆಲ್ಲರ ಹಿಟ್ಟು ಮುಗಿಯೋವರೆಗೆ ನಿಂತವಳು. ಕೇರಿಗೊಂದು ಸ್ವಂತ ಮಿಲ್ಲು ಅನ್ನೋದು ಅವಳಿಗೆ ಏನು ಅನ್ನೋದನ್ನ ನಗುವವರು ಸ್ವಲ್ಪ ಯೋಚಿಸಬೇಕು.

ಅಣ್ಣ ಐಟಿಐ ಫಿಟ್ಟರ್. ಹತ್ತನೇ ಕ್ಲಾಸಿಗೆ ಅವನ ಓದು ನಿಂತು ಐಟಿಐ ಸೇರಿದ್ದರಿಂದಲೇ ನನ್ನದು ಬಿ.ಎ.ವರೆಗೆ ಹೋಯಿತು. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಹನ್ನೊಂದು ವರ್ಷ ಮಿಲ್ಲಿಂಗ್ ಮಾಡಿದ. 2020ರ ಲಾಕ್‌ಡೌನಿನಲ್ಲಿ ಇಳಿದ ಶಟರು ಮತ್ತೆ ಏಳಲಿಲ್ಲ. ಬಾಕಿ ಸಂಬಳವೂ ಶಟರಿನ ಒಳಗೇ ಉಳಿಯಿತು. ಊರಿಗೆ ಬಂದು ಗಾರೆ ಕೆಲಸಕ್ಕೆ ಹೋದ. ಹಾಗಿರುವಾಗ ಬೆಂಗಳೂರಿನ ಒಂದು ಗುಜರಿಯಲ್ಲಿ, ತೂಕಕ್ಕೆ ಹಾಕಿ ಒಡೆಯಲಿಕ್ಕೆ ಇಟ್ಟಿದ್ದ ಈ ಮಿಶಿನ್ನು ಅವನ ಕಣ್ಣಿಗೆ ಬಿತ್ತು. ಅವ್ವನ ಓಲೆ, ಸಂಘದ ಸಾಲ, ನಾನು ಮನೆಪಾಠ ಹೇಳಿ ಉಳಿಸಿದ್ದು ಎಲ್ಲ ಸೇರಿ ಕಬ್ಬಿಣದ ರೇಟಿನಲ್ಲಿ ಅದನ್ನು ಬಿಡಿಸಿಕೊಂಡು ಬಂದೆವು. ಒಂದು ಬ್ಯಾಂಕಿಗೂ ಹೋಗಿದ್ದೆವು. ಹಳೇ ಮಿಶಿನ್ನಿಗೆ ಸಾಲ ಇಲ್ಲ ಅಂದರು. ಹೊಸದಕ್ಕೆ ಜಾಮೀನು ಯಾರು ಅಂದರು.

ಅದರ ಮೈಮೇಲೆ ಎಚ್‌ಎಂಟಿ ಅನ್ನುವ ಅಕ್ಷರ ಇತ್ತು. ಜನಕ್ಕೆ ಆ ಹೆಸರು ಅಂದರೆ ಕೈಗಡಿಯಾರ. ಆ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡಿತು. ಆದರೆ ಮೂಲದಲ್ಲಿ ಅದು ಯಂತ್ರಗಳನ್ನು ಮಾಡುವ ಯಂತ್ರಗಳ ಕಾರ್ಖಾನೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ. ಜನರ ದುಡ್ಡಿನಲ್ಲಿ ಎರಕವಾದ ಕಬ್ಬಿಣ, ಬಹಳ ಸುತ್ತು ಹಾಕಿಕೊಂಡಾದರೂ ಕೇರಿಗೆ ಬಂತು ಅಂತ ನಾನು ಅಂದುಕೊಂಡೆ. ಅಣ್ಣ ಇಂಥದ್ದೆಲ್ಲ ಅಂದುಕೊಳ್ಳೋನಲ್ಲ. "ಕಾಸ್ಟಿಂಗು ಗಟ್ಟಿ ಐತೆ, ಬಿರುಕಿಲ್ಲ" ಅಂದ, ಅಷ್ಟೇ.

ಮನೆಯಲ್ಲಿ ಓದುವ ಕೆಲಸ ನನ್ನದು ಅಂತ ಮೊದಲೇ ತೀರ್ಮಾನವಾಗಿತ್ತಲ್ಲ, ಹಾಗಾಗಿ ರಾತ್ರಿ ಹೊತ್ತು ಈ ಮಿಶಿನ್ನಿನ ಕುಲಗೋತ್ರ ಹುಡುಕಿದೆ. ಅಮೆರಿಕದ ಎಲಿ ವಿಟ್ನಿ 1818ರಲ್ಲಿ ಇದನ್ನು ಕಂಡುಹಿಡಿದ ಅಂತ ಹಳೆಯ ಪುಸ್ತಕಗಳು ಬರೆದಿವೆ. ರಾಬರ್ಟ್ ವುಡ್‌ಬರಿ ಎಂಬ ಚರಿತ್ರೆಕಾರ 1960ರಲ್ಲಿ ವಿಟ್ನಿಯ ಸುತ್ತ ಬೆಳೆದ ಪುರಾಣವನ್ನು ಕೆದಕಿದ ಮೇಲೆ ಚಿತ್ರ ಬದಲಾಯಿತು. ಬಂದೂಕಿನ ಕಾರ್ಖಾನೆಗಳಲ್ಲಿ ಸಿಮಿಯನ್ ನಾರ್ತ್‌ನಂಥ ಹಲವರ ಕೈಯಲ್ಲಿ ಈ ಯಂತ್ರ ಬೆಳೆಯಿತು. ಅನೇಕರ ಬೆವರು ಒಬ್ಬನ ಹೆಸರಿಗೆ ಜಮೆಯಾಗುವುದು ನಮಗೇನು ಹೊಸದಲ್ಲ.

ಇದೇ ವಿಟ್ನಿ 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ ಯಂತ್ರ ಮಾಡಿದವನು. ಬೀಜ ತೆಗೆಯುವ ಕೈಕೆಲಸ ಹಗುರಾಯಿತು. ಕರಿಯ ಗುಲಾಮರ ಬೆನ್ನು ಹಗುರಾಯಿತೇ? ಹತ್ತಿಯಲ್ಲಿ ಲಾಭ ಹೆಚ್ಚಿ ಹತ್ತಿಯ ಹೊಲ ಹಬ್ಬಿತು, ಬಿಡಿಸುವ ಕೈ ಇನ್ನಷ್ಟು ಬೇಕಾಯಿತು. 1790ರ ಜನಗಣತಿಯಲ್ಲಿ ಅಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ಕ್ಕೆ 40 ಲಕ್ಷದ ಹತ್ತಿರ ಬಂದರು. ಯಂತ್ರ ಬಂದರೆ ಬಿಡುಗಡೆ ಬಂತು ಅನ್ನುವ ನಮ್ಮ ಪ್ರಗತಿಪರ ಗೆಳೆಯರು ಈ ಲೆಕ್ಕ ನೋಡಬೇಕು. ಯಂತ್ರವೇ ಕೇಡು ಅನ್ನುವವರು 1945ರ ಪುಸ್ತಕದಲ್ಲಿ ಅಂಬೇಡ್ಕರ್ ಗಾಂಧೀವಾದಕ್ಕೆ ಕೊಟ್ಟ ಉತ್ತರ ಓದಬೇಕು. ದೋಷ ಯಂತ್ರದ್ದಲ್ಲ, ಅದರ ಫಲವನ್ನು ಕೆಲವರ ಸ್ವತ್ತು ಮಾಡುವ ಸಮಾಜದ ಕಟ್ಟಿನದು ಎಂಬುದು ಅವರ ವಾದ. ಯಂತ್ರವಿಲ್ಲದೆ ದುಡಿಯುವವನಿಗೆ ಬಿಡುವಿಲ್ಲ ಎಂಬುದೂ ಅವರದೇ ಮಾತಿನ ಸಾರ. ಹಾಗಾದರೆ ಮಿಶಿನ್ನು ಯಾರ ಶೆಡ್ಡಿನಲ್ಲಿದೆ ಅನ್ನೋದೇ ಮುಖ್ಯ ಪ್ರಶ್ನೆ.

ಶೆಡ್ಡು ಅಂದೆ. ನಮ್ಮದು ಮನೆಯ ಹಿತ್ತಲಿಗೆ ಇಳಿಸಿದ ತಗಡಿನ ಮಾಡು, ಹಿಂದೆ ಎಮ್ಮೆ ಕಟ್ಟುತ್ತಿದ್ದ ಜಾಗ. ನೆಲ ತೋಡಿ, ಜಲ್ಲಿ ಕಾಂಕ್ರೀಟು ಹಾಕಿ, ಪೈಪುಗಳ ಮೇಲೆ ಉರುಳಿಸಿ ಮಿಶಿನ್ನು ಕೂರಿಸಿದೆವು. ಕಾಲಂ, ನೀ, ಸ್ಯಾಡಲ್, ಟೇಬಲ್ಲು ಅಂತ ಅಣ್ಣ ಒಂದೊಂದೇ ಬಿಚ್ಚಿದ. (ನೀ ಅಂದರೆ ಇಂಗ್ಲಿಷಿನ ಮೊಣಕಾಲು, ಟೇಬಲ್ಲನ್ನು ಹೊತ್ತು ಮೇಲೆ ಕೆಳಗೆ ಹೋಗುವ ಭಾಗ.) ಡೀಸೆಲ್ಲಿನಲ್ಲಿ ತೊಳೆಯುವುದು ನನ್ನ ಪಾಲು. ಜಾರುವ ಮುಖಗಳಿಗೆ ಉಪ್ಪುಕಾಗದ ಮುಟ್ಟಿಸಬೇಡ ಅಂತ ಮೊದಲೇ ಹೇಳಿದ್ದ. ಅದರ ಹರಳು ಎರಕದ ಕಬ್ಬಿಣದೊಳಗೆ ಹೂತು ಮುಂದೆ ತಾನೇ ಸವೆಸಲಿಕ್ಕೆ ಶುರುಮಾಡ್ತದಂತೆ.

ತೊಳೆದಾಗ ಕಂಡದ್ದು ಇಷ್ಟು. ಟೇಬಲ್ಲು ಓಡಾಡುವ ದಾರಿ ನಡುವಿನಲ್ಲಿ ಸವೆದಿತ್ತು, ತುದಿಗಳಲ್ಲಿ ಹೊಸದರಂತೆ ಇತ್ತು. ಕೆಲಸವೆಲ್ಲ ನಡುವಿನಲ್ಲೇ ನಡೆಯುತ್ತದಲ್ಲ. ಸ್ಕ್ರೂ ಕೂಡ ಹಾಗೇ. ಹಿಡಿ ತಿರುಗಿಸಿದರೆ ಕಾಲು ಸುತ್ತು ಟೇಬಲ್ಲು ಅಲುಗುತ್ತಲೇ ಇರಲಿಲ್ಲ. 5 ಮಿಲಿಮೀಟರಿನ ಮರೆಯಲ್ಲಿ ಕಾಲು ಸುತ್ತು ಅಂದರೆ ಒಂದೂಕಾಲು ಮಿಲಿಮೀಟರು ಸಡಿಲ. ಕಟ್ಟರು ತಿರುಗುವ ಕಡೆಗೇ ಟೇಬಲ್ಲು ನಡೆದರೆ ಅಷ್ಟನ್ನೂ ಅದು ಒಂದೇ ಏಟಿಗೆ ಎಳಕೊಂಡು ಹಲ್ಲು ಮುರಿದುಕೊಳ್ಳುತ್ತದೆ. ಗನ್‌ಮೆಟಲ್ ನಟ್ಟು ಹೊಸದು ಮಾಡಿಸಿದೆವು. ನಡುವಿಗೆ ಸರಿಯಾಗಿ ಬಿಗಿ ಮಾಡಿದರೆ ಸವೆಯದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಪೂರ್ತಿ ಬಿಗಿ ಮಾಡುವ ಹಾಗಿಲ್ಲ.

ದಾರಿಯನ್ನು ಸಮ ಮಾಡುವುದಕ್ಕೆ ದೊಡ್ಡ ಗ್ರೈಂಡಿಂಗ್ ಶಾಪಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಕೈಯಲ್ಲೇ ಸ್ಕ್ರೇಪಿಂಗ್ ಮಾಡೋಣ ಅಂದ ಅಣ್ಣ. ಪೀಣ್ಯದ ಗೆಳೆಯನೊಬ್ಬ ಸರ್ಫೇಸ್ ಪ್ಲೇಟು, ಸ್ಟ್ರೈಟ್ ಎಡ್ಜು ಎರಡು ತಿಂಗಳ ಗಡುವಿನ ಮೇಲೆ ಕೊಟ್ಟ. ಹಳೇ ಅರವನ್ನು ಕಲ್ಲಿಗೆ ಹಿಡಿದು ಸ್ಕ್ರೇಪರ್ ಮಾಡಿಕೊಂಡ. ಸಮ ಇರುವ ಪ್ಲೇಟಿಗೆ ಪ್ರಷ್ಯನ್ ನೀಲಿಯನ್ನು ಕಾಡಿಗೆಯಷ್ಟು ತೆಳ್ಳಗೆ ಸವರಿ, ಸವೆದ ಮುಖಕ್ಕೆ ಉಜ್ಜಬೇಕು. ಉಬ್ಬಿದ ಕಡೆ ನೀಲಿ ಹತ್ತುತ್ತದೆ. ಹತ್ತಿದ್ದನ್ನು ಹೆರೆಯಬೇಕು. ಒರೆಸಬೇಕು. ಮತ್ತೆ ನೀಲಿ, ಮತ್ತೆ ಹೆರೆತ. ಒಂದು ಸಲಕ್ಕೆ ಹೋಗುವುದು ತಲೆಗೂದಲಿನ ದಪ್ಪದಲ್ಲಿ ಒಂದು ಸಣ್ಣ ಪಾಲು. ಮೊದಲ ದಿನ ಇಡೀ ಮುಖಕ್ಕೆ ನಾಲ್ಕು ಮಚ್ಚೆ. ಇಪ್ಪತ್ತನೇ ದಿನ ಬೆಂಕಿಪೊಟ್ಟಣದ ಅಗಲಕ್ಕೆ ಹತ್ತು ಹನ್ನೆರಡು. ಮಚ್ಚೆಗಳ ನಡುವಿನ ಸಣ್ಣ ಗುಳಿಗಳೂ ಬೇಕು, ಎಣ್ಣೆ ನಿಲ್ಲುವುದು ಅಲ್ಲೇ.

ಹಾಗಾದರೆ ಮೊದಲ ಪ್ಲೇಟು ಸಮ ಅಂತ ಹೇಳಿದವರಾರು? 1840ರಲ್ಲಿ ಜೋಸೆಫ್ ವಿಟ್‌ವರ್ತ್ ಗ್ಲಾಸ್ಗೋದಲ್ಲಿ ಓದಿದ ಪ್ರಬಂಧದಲ್ಲಿ ಇದಕ್ಕೆ ಉತ್ತರ ಇದೆ. ಪ್ಲೇಟು ಎರಡಲ್ಲ, ಮೂರು ಬೇಕು. ಎರಡೇ ಇದ್ದರೆ ಒಂದರ ಗುಳಿಯೊಳಗೆ ಇನ್ನೊಂದರ ಉಬ್ಬು ಚೆನ್ನಾಗಿ ಕೂತುಕೊಂಡು ಎರಡೂ ಸಮ ಅಂತ ಸುಳ್ಳು ಹೇಳುತ್ತವೆ. ಮೂರನೆಯದರ ಜೊತೆ ಒಂದೊಂದನ್ನೂ ಉಜ್ಜಿದಾಗ ಸುಳ್ಳು ಹೊರಬೀಳುತ್ತದೆ. ನಮ್ಮೂರಲ್ಲಿ ಊರು ಕೇರಿ ಹೊಂದಿಕೊಂಡೇ ಇದ್ದಾವೆ ಅಂತ ಹೇಳುವ ಹಿರಿಯರಿಗೆ ಇದನ್ನ ತೋರಿಸಬೇಕು ಅನ್ನಿಸಿತು.

ಅಣ್ಣನಿಗೆ ಈ ಕೈ ಬಂದದ್ದು ಎಲ್ಲಿಂದ? ಐಟಿಐನಲ್ಲಿ ಎಲ್ಲರಿಗೂ ಮೊದಲು ಅರ ಹಾಕಿಸುತ್ತಾರೆ, ಆಮೇಲೆ ಮಿಶಿನ್ನಿಗೆ ಬಿಡುತ್ತಾರೆ. ಇವನನ್ನೂ ಇನ್ನೊಬ್ಬ ನಮ್ಮ ಹುಡುಗನನ್ನೂ ಉಳಿದವರು ಮಿಶಿನ್ನಿಗೆ ಹೋದ ಮೇಲೂ ವೈಸಿನ ಮುಂದೆಯೇ ನಿಲ್ಲಿಸಿದ್ದರು. ತಿಂಗಳಾನುಗಟ್ಟಲೆ ಅದೇ ಕಬ್ಬಿಣದ ತುಂಡು, ಅದೇ ಅರ. "ನಿಮಗೆ ಇದೇ ಸಾಕು" ಅಂತ ಆ ಮೇಷ್ಟ್ರು ಅಂದದ್ದನ್ನ ಅಣ್ಣ ಈಗಲೂ ಸಿಟ್ಟಿಲ್ಲದೆ ಹೇಳುತ್ತಾನೆ. ಸಿಟ್ಟು ನನಗೆ ಬರುತ್ತದೆ. ಅವಮಾನದಿಂದ ವಿದ್ಯೆ ಬಂತು ಅಂತ ಯಾರಾದರೂ ಅಲಂಕಾರ ಮಾಡಿ ಹೇಳಿದರೆ ನಾನು ಒಪ್ಪುವುದಿಲ್ಲ. ವಿದ್ಯೆ ಅವನ ಕೈಯಿಂದ ಬಂತು. ಅವಮಾನದಿಂದ ಬಂದದ್ದು ತಡ ಒಂದೇ.

ಅವನು ಹೆರೆಯುವಾಗ ಅಪ್ಪ ಜಗಲಿಯಿಂದ ನೋಡುತ್ತಾ ಕೂತಿರುತ್ತಿದ್ದ. ಒಂದು ದಿನ, "ನಮ್ಮಪ್ಪ ತೊಗಲು ಹೆರೀತಿದ್ದುದು ಹಿಂಗೇಯ. ಮೊಣಕೈ ಅಲುಗಿಸ್ತಿರಲಿಲ್ಲ, ಸೊಂಟದಿಂದ ದೂಡ್ತಿದ್ದ" ಅಂದ. ತಾತನ ರಂಪಿಗೆಯನ್ನು ನಾನು ನೋಡಿಲ್ಲ. ನಾವು ಶಾಲೆಗೆ ಸೇರಿದ ವರ್ಷ ಅಪ್ಪನೇ ಅದನ್ನು ಕೆರೆಗೆ ಎಸೆದನಂತೆ. ಎಸೆದದ್ದು ಸರಿ ಅಂತಲೇ ಅಪ್ಪ ಈಗಲೂ ಅನ್ನುತ್ತಾನೆ. ನನಗೂ ಸರಿ ಅನ್ನಿಸುತ್ತದೆ. ಆದರೂ ಅಣ್ಣ ಅವತ್ತಿಂದ ಸೊಂಟದಿಂದಲೇ ದೂಡುತ್ತಾನೆ.

ಕರೆಂಟಿನದು ಬೇರೆ ಕತೆ. ಮೋಟರು 2 ಎಚ್‌ಪಿ, ಮೂರು ಫೇಸಿನದು. ಮನೆಗೆ ಬರುವುದು ಒಂದೇ ಫೇಸು. ಮೂರು ಫೇಸಿಗೆ ಅರ್ಜಿ ಕೊಟ್ಟೆವು. ಜಾಗ ತಾತನ ಹೆಸರಿನಲ್ಲಿದೆ, ಖಾತೆ ಮಾಡಿಸಿಕೊಂಡು ಬನ್ನಿ ಅಂದರು. ಕೇರಿಯಲ್ಲಿ ಯಾರ ಖಾತೆ ಸರಿಯಾಗಿದೆ? ಅಣ್ಣ ವಿಎಫ್‌ಡಿ ಅನ್ನುವ ಪೆಟ್ಟಿಗೆ ತಂದ. ಅದು ಒಂದು ಫೇಸು ತಿಂದು ಮೂರು ಫೇಸು ಕೊಡುತ್ತದೆ. ಆದರೆ ಕೊಡುವ ವೋಲ್ಟೇಜು 230ರ ಸುಮಾರು, ಮೋಟರಿನ ಮೇಲೆ ಬರೆದಿದ್ದು 415. ಮುಚ್ಚಳ ಬಿಚ್ಚಿ ನೋಡಿದರೆ ಆರು ತುದಿ ಹೊರಗೆ ಬಂದು ಸ್ಟಾರ್ ಜೋಡಣೆ ಇತ್ತು. ಸ್ಟಾರಿನಲ್ಲಿ 415 ಕೊಟ್ಟರೂ ಒಂದೊಂದು ಸುರುಳಿಗೆ ಸಿಗೋದು 240 ಅಷ್ಟೇ. ಹಿತ್ತಾಳೆ ಪಟ್ಟಿಗಳನ್ನು ತಿರುಗಿಸಿ ಡೆಲ್ಟಾ ಮಾಡಿದರೆ 230ರಲ್ಲೇ ಸರಿಯಾಗಿ ಓಡುತ್ತದೆ. ಮೂರು ಪಟ್ಟಿ, ಆರು ನಟ್ಟು, ಅರ್ಧ ಗಂಟೆ. ಅರ್ಜಿ ಮಾತ್ರ ಹದಿನಾಲ್ಕು ತಿಂಗಳಿಂದ ಅಲ್ಲೇ ಇದೆ.

ಆಮೇಲೆ ಡಿಆರ್‌ಒ. ಟೇಬಲ್ಲಿನ ಪಕ್ಕಕ್ಕೆ ಒಂದು ಅಳತೆಪಟ್ಟಿ ಬಿಗಿದರೆ ಟೇಬಲ್ಲು ನಿಜವಾಗಿ ಎಷ್ಟು ಸರಿಯಿತು ಅನ್ನುವುದನ್ನು 5 ಮೈಕ್ರಾನಿನ ಲೆಕ್ಕದಲ್ಲಿ ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಹಿಡಿ ಎಷ್ಟು ತಿರುಗಿತು ಅನ್ನೋದು ಅದಕ್ಕೆ ಬೇಕಿಲ್ಲ. ಹಾಗಾಗಿ ಸ್ಕ್ರೂ ಎಷ್ಟು ಸವೆದಿದ್ದರೂ ಅಳತೆ ತಪ್ಪುವುದಿಲ್ಲ. ಸಡಿಲ ಮಾತ್ರ ಹೋಗುವುದಿಲ್ಲ, ಕಟ್ಟರು ಎಳಕೊಳ್ಳುವ ಅಪಾಯ ಹಾಗೇ ಇರುತ್ತದೆ.

ಮೊದಲ ಆರ್ಡರು ಪೀಣ್ಯದಿಂದ ಬಂತು, ನಲವತ್ತು ಬ್ರಾಕೆಟ್ಟು. ಕೊಟ್ಟವರು ಶೆಡ್ಡು ನೋಡಬೇಕು ಅಂತ ಬಂದಿದ್ದರು. ಕೇರಿಯ ಬಾಯಲ್ಲಿ ಕಾರು ನಿಲ್ಲಿಸಿ, ಇಲ್ಲೇನಾ ಅಂತ ಎರಡು ಸಲ ಕೇಳಿದರು. ಅವ್ವ ಕೊಟ್ಟ ನೀರನ್ನು ಕೈಯಲ್ಲೇ ಹಿಡಕೊಂಡಿದ್ದು ಹಾಗೇ ಕೆಳಗಿಟ್ಟರು. ಆಮೇಲೆ ಮೈಕ್ರೋಮೀಟರ್ ತೆಗೆದು ಸ್ಯಾಂಪಲ್ಲನ್ನು ನಾಲ್ಕು ಮೂಲೆ ಅಳೆದರು, ಇನ್ನೊಂದು ಸಲ ಅಳೆದರು, ಆರ್ಡರು ಬರೆದುಕೊಟ್ಟರು. ನೀರಿನ ಲೋಟ ಅಲ್ಲೇ ಇತ್ತು. ಅವರು ಹೋದ ಮೇಲೆ ಅಣ್ಣ ಅದನ್ನೆತ್ತಿ ತಾನೇ ಕುಡಿದು ಮಿಶಿನ್ನು ಹಾಕಿದ.

ಡಿಆರ್‌ಒ ಪಟ್ಟಿ ಈಗ ಉದ್ದಕ್ಕೊಂದು, ಅಡ್ಡಕ್ಕೊಂದು ಕೂತಿದೆ. ಮೇಲೆ ಕೆಳಗಿನ ಅಳತೆಗೆ ಇನ್ನೂ ಇಲ್ಲ, ಅದನ್ನು ಡಯಲ್ ಗೇಜಿನಲ್ಲೇ ನೋಡುತ್ತಾನೆ. ಮೂರನೆಯದಕ್ಕೆ ಮೊದಲು ಅವ್ವನ ಓಲೆ ಬಿಡಿಸಬೇಕು.