ಅರಬೈಲು ಘಟ್ಟದ ನೆತ್ತಿಯಲ್ಲಿ ಒಂದು ಹಗಲು

ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯಷ್ಟು ಬೇಗ ಬಣ್ಣ ಬದಲಿಸುವ ದಾರಿ ನಮ್ಮ ಸೀಮೆಯಲ್ಲಿ ವಿರಳ. ಕಲಘಟಗಿಯವರೆಗೆ ಗೋವಿನಜೋಳದ ಹೊಲಗಳು. ಕಿರವತ್ತಿ ಸಮೀಪಿಸುತ್ತಲೇ ತೇಗದ ಕಾಡು. ಯಲ್ಲಾಪುರ ಬಂದರೆ ಅಡಿಕೆ ತೋಟಗಳ ತಂಪು. ಅಲ್ಲಿಂದ ಮುಂದೆ ಅರಬೈಲು ಘಟ್ಟ. ಈ ದಾರಿಗೆ ನೀರಿನ ಜೊತೆಯೂ ಉಂಟು. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿಕೊಂಡು, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಕಡಲನ್ನು ಸೇರುತ್ತದೆ. ಬಯಲಿನ ನೀರೂ ಬಯಲಿನ ಧಾನ್ಯವೂ ಹೀಗೆ ಒಂದೇ ದಿಕ್ಕಿಗೆ ಇಳಿಯುತ್ತವೆ. ಆದರೆ ನೀರು ಧುಮುಕಿದರೂ ನೀರಾಗಿಯೇ ಉಳಿಯುತ್ತದೆ. ಹತ್ತು ಟನ್ ಭಾರ ಹೊತ್ತ ಲಾರಿಗೆ ಆ ಭಾಗ್ಯವಿಲ್ಲ. ಈ ಮಾತಿನ ಅರ್ಥ ನನಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ, ಯಲ್ಲಾಪುರದ ಒಂದು ಗ್ಯಾರೇಜಿನ ಅಂಗಳದಲ್ಲಿ.

ಅಂಕೋಲೆಯ ಸಮೀಪದ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗಾಗಿ ಒಂದು ವಾಚನಾಲಯವನ್ನು ತೆರೆಯುವುದೆಂದು ನಿವೃತ್ತ ಶಿಕ್ಷಕರಾದ ಮಿತ್ರರೊಬ್ಬರು ನಿಶ್ಚಯಿಸಿದ್ದರು. ನನ್ನ ಬಳಿಯಿದ್ದ ಪುಸ್ತಕಗಳಲ್ಲಿ ಮುನ್ನೂರರಷ್ಟನ್ನು ಎರಡು ಕಪಾಟುಗಳ ಸಮೇತ ಕೊಡಲು ನಾನು ಒಪ್ಪಿದ್ದೆನು. ಹಿಂದೊಮ್ಮೆ ನನ್ನಲ್ಲಿ ಕನ್ನಡ ವ್ಯಾಕರಣ ಓದಿದ ಹುಡುಗನೊಬ್ಬ ಈಗ ಸ್ವಂತ ಲಾರಿಯ ಒಡೆಯ, ಚಾಲಕನೂ ಅವನೇ. ಈರುಳ್ಳಿ ಚೀಲಗಳನ್ನು ತುಂಬಿಕೊಂಡು ಅಂಕೋಲೆಗೆ ಹೊರಟಿದ್ದವನು, "ಗುರುಗಳ, ಕಪಾಟು ಮ್ಯಾಲ ಕಟ್ಟೋಣ್ರಿ, ನೀವು ನನ್ನ ಜೋಡೀನ ಬರ್ರಿ" ಎಂದನು. ಸಮಾರಂಭವು ಅಂದು ಸಂಜೆ ನಾಲ್ಕಕ್ಕೆ. ಬೆಳಗಿನ ಆರು ಗಂಟೆಗೆ ಹುಬ್ಬಳ್ಳಿಯನ್ನು ಬಿಟ್ಟೆವು.

ಕಿರವತ್ತಿ ದಾಟಿದ ಮೇಲೆ ತಿರುವುಗಳಲ್ಲಿ ಲಾರಿಯ ಮುಂಭಾಗದಿಂದ ಸಣ್ಣದೊಂದು ಕೊರಗುವ ಸದ್ದು ಕೇಳತೊಡಗಿತು. ಚಾಲಕನ ಮುಖ ಗಂಭೀರವಾಯಿತು. "ಸ್ಟೇರಿಂಗ್ ಯಾಕೋ ಬಿಗಿ ಆಗ್ಲಿಕತ್ತೈತ್ರಿ" ಎಂದನು. ಯಲ್ಲಾಪುರದಲ್ಲಿ ಚಹಕ್ಕೆಂದು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರೆ, ಮುಂದಿನ ಗಾಲಿಯ ಹಿಂದೆ ಕೆಂಪು ಎಣ್ಣೆಯ ಹನಿಗಳು. ಅವನು ತಲೆಗೆ ಕೈಯಿಟ್ಟು ಕುಳಿತನು. ಹದಿನೈದು ದಿನಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಾಕ್ಸನ್ನು ಕೆಳಗಿಳಿಸಿ, ಸೀಲುಗಳನ್ನು ಬದಲಿಸಿ, ಸೋರಿಕೆ ನಿಂತಿತೆಂದು ಹೇಳಿ ಹಣ ಪಡೆದಿದ್ದರಂತೆ. ಈಗ ಅದೇ ಬಾಕ್ಸಿನ ತಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಇಲ್ಲಿ ನನ್ನ ತಪ್ಪೊಂದನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ನನ್ನ ಮನಸ್ಸೆಲ್ಲ ನಾಲ್ಕು ಗಂಟೆಯ ಸಮಾರಂಭದ ಮೇಲಿತ್ತು. "ನಾಲ್ಕು ಹನಿ ಎಣ್ಣೆಗೆ ಇಷ್ಟು ಚಿಂತೆಯೇಕೆ? ಒಂದು ಡಬ್ಬಿ ಕೊಂಡು ಸುರಿದುಕೋ, ಇಳಿಜಾರು ತಾನೆ, ಮೆಲ್ಲಗೆ ಇಳಿದುಬಿಡೋಣ" ಎಂದೆನು. ಅವನು ಉತ್ತರ ಕೊಡಲಿಲ್ಲ. ಒಬ್ಬಂಟಿಯಾಗಿದ್ದರೆ ಏನು ಮಾಡುತ್ತಿದ್ದನೋ ತಿಳಿಯದು. ಗುರುವಿನ ಮಾತನ್ನು ಮೀರಲಾರದೆ ಎಣ್ಣೆಯ ಡಬ್ಬಿ ತರಲು ಎದ್ದನು.

ಅದನ್ನು ತಡೆದವರು ಪಕ್ಕದ ಗ್ಯಾರೇಜಿನ ವೃದ್ಧ ಮಿಸ್ತ್ರಿ. ಚಾಲಕರೆಲ್ಲರೂ ಅವರನ್ನು ಚಾಚಾ ಎಂದೇ ಕರೆಯುವರು. "ಎಣ್ಣೆ ಹಾಕು, ಬೇಡ ಅನ್ನೋದಿಲ್ಲ. ಆದರೆ ಎಲ್ಲಿಂದ ಹೋಗ್ತದೆ ಅಂತ ನೋಡದೆ ಘಟ್ಟ ಇಳಿಸಬೇಡ" ಎಂದರು. ನಾನು ನನ್ನ ಅವಸರವನ್ನು ತಿಳಿಸಿದೆ. ಅವರು ಸಿಡುಕಲಿಲ್ಲ. "ಅಜ್ಜಾ, ಈ ಘಟ್ಟದಲ್ಲಿ ಅವಸರ ಇಲ್ಲದ ಲಾರಿ ನಾನು ಒಂದೂ ನೋಡಿಲ್ಲ" ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದರು. ಬಳ್ಳಾರಿ, ಹೊಸಪೇಟೆಗಳ ಕಡೆಯ ಅದಿರನ್ನು ಹೊತ್ತು ಬೇಲೇಕೇರಿ ಬಂದರಿಗೆ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಕಾಲವನ್ನೂ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಮೇಲೆ ದಾರಿ ಬರಿದಾದುದನ್ನೂ ಕಂಡವರು ಅವರು.

ಪವರ್ ಸ್ಟೇರಿಂಗ್ ಎಂಬುದರ ಮರ್ಮವನ್ನು ನಾನು ಅರಿತದ್ದು ಆ ಹೊತ್ತಿನಲ್ಲಿ. ಎಂಜಿನ್ನಿನ ಬಲದಿಂದ ಸುತ್ತುವ ಒಂದು ಪಂಪು ಡಬ್ಬಿಯಲ್ಲಿರುವ ಎಣ್ಣೆಯನ್ನು ಒತ್ತಡದಿಂದ ಗಟ್ಟಿ ಪೈಪಿನ ಮೂಲಕ ಸ್ಟೇರಿಂಗ್ ಬಾಕ್ಸಿಗೆ ದೂಡುತ್ತದೆ. ಚಾಲಕನು ಚಕ್ರವನ್ನು ಯಾವ ಕಡೆಗೆ ತಿರುಗಿಸುವನೋ ಆ ಕಡೆಗೆ ಎಣ್ಣೆಯೂ ಒತ್ತಿ ಅವನ ತೋಳಿಗೆ ನೆರವಾಗುತ್ತದೆ. ಕೆಲಸ ಮುಗಿಸಿದ ಎಣ್ಣೆ ಮತ್ತೊಂದು ಪೈಪಿನಿಂದ ಡಬ್ಬಿಗೆ ಮರಳುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸಿನ ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ಸಾರಿದ ತತ್ತ್ವವೇ ಇದರ ಬುಡ. ಅಮೆರಿಕದಲ್ಲಿ ಲಾರಿ ತಯಾರಿಕೆಯ ವಿಭಾಗದಲ್ಲಿ ದುಡಿದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು, ಭಾರದ ವಾಹನಗಳನ್ನು ತಿರುಗಿಸುವ ಕಷ್ಟವನ್ನು ಕಣ್ಣಾರೆ ಕಂಡು, 1926ರಲ್ಲಿ ಇಂಥ ಯಂತ್ರವನ್ನು ವಾಹನಕ್ಕೆ ಜೋಡಿಸಿ ತೋರಿಸಿದನು. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ.

ಎಣ್ಣೆ ಬತ್ತಿದರೂ ಚಕ್ರಕ್ಕೂ ಗಾಲಿಗೂ ಇರುವ ಕಬ್ಬಿಣದ ಸಂಬಂಧ ಕಡಿಯುವುದಿಲ್ಲ; ಲಾರಿ ತಿರುಗುತ್ತದೆ. ಆದರೆ ತೋಳಿನ ಬಲವೊಂದರಿಂದಲೇ ತಿರುಗಿಸಬೇಕು. ನೇರ ರಸ್ತೆಯಲ್ಲಿ ಅದು ಬರಿಯ ಶ್ರಮ; ಇಳಿಜಾರಿನ ಕಡಿದಾದ ತಿರುವಿನಲ್ಲಿ ಅದೇ ಆಪತ್ತು. ಮೆಲ್ಲಗೆ ಸಾಗುತ್ತ ಚಕ್ರವನ್ನು ಪೂರ್ತಿ ತಿರುಗಿಸುವಾಗಲೇ ಎಣ್ಣೆಯ ಒತ್ತಡ ಅತ್ಯಂತ ಹೆಚ್ಚು. ಅಂದರೆ, ಎಲ್ಲಿ ನೆರವು ಬೇಕೋ ಅಲ್ಲಿಯೇ ಬಲಗುಂದಿದ ಪೈಪು ಒಡೆಯುವ ಸಂಭವವೂ ಹೆಚ್ಚು. ಸಿಡಿದ ಎಣ್ಣೆ ಕಾದ ಸೈಲೆನ್ಸರಿನ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ. ನಾನು "ನಾಲ್ಕು ಹನಿ" ಎಂದು ತಳ್ಳಿಹಾಕಿದ್ದು ಇದನ್ನೇ.

ಮಿಸ್ತ್ರಿಯವರು ಮೊದಲು ಎಣ್ಣೆಯನ್ನು ಬೆರಳಿನಲ್ಲಿ ತೀಡಿ ನೋಡಿದರು. ಎಂಜಿನ್ ಎಣ್ಣೆಯಾದರೆ ಕಪ್ಪು, ಮಂದ. ರೇಡಿಯೇಟರಿನ ನೀರಾದರೆ ಜಿಡ್ಡಿಲ್ಲ. ಇದು ಕೆಂಪು, ತೆಳು. ಸೋರುವುದು ಸ್ಟೇರಿಂಗಿನದೇ ಎಂದು ನಿಶ್ಚಯವಾಯಿತು. ಡಬ್ಬಿಯ ಮುಚ್ಚಳ ತೆಗೆದರೆ ಎಣ್ಣೆ ಅಳತೆಯ ಗೆರೆಗಿಂತ ಬಹಳ ಕೆಳಗಿದ್ದು ನೊರೆ ಕಟ್ಟಿತ್ತು. ಎಣ್ಣೆಯ ಜೊತೆಗೆ ಗಾಳಿಯನ್ನೂ ಎಳೆದುಕೊಂಡ ಪಂಪಿನ ನರಳಾಟವೇ ನಾವು ಕೇಳಿದ ಸದ್ದು.

ಆಮೇಲೆ ಅವರು ಮಾಡಿದ ಕೆಲಸ ನನಗೆ ವಿಚಿತ್ರವೆನಿಸಿತು. ಸೋರುವ ಜಾಗವನ್ನು ಹುಡುಕುವ ಬದಲು ಎಲ್ಲವನ್ನೂ ಡೀಸೆಲ್ಲಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿದರು. ಗುರುತನ್ನೇ ಅಳಿಸಿದರೆ ಕಳ್ಳನನ್ನು ಹಿಡಿಯುವುದೆಂತು ಎಂದು ಕೇಳಿದೆ. "ಹಳೇ ಎಣ್ಣೆ ಸುಳ್ಳು ಹೇಳ್ತದೆ ಅಜ್ಜಾ. ಮೇಲಿಂದ ಇಳೀತದೆ, ಗಾಳಿಗೆ ಹಿಂದೆ ಹೋಗ್ತದೆ, ಕೊನೆಗೆ ತಗ್ಗಿನಲ್ಲಿ ಹನಿ ಬೀಳ್ತದೆ. ಹನಿ ಬಿದ್ದ ಜಾಗ ಒಂದು, ಹುಟ್ಟಿದ ಜಾಗ ಒಂದು" ಎಂದರು. ನಾನು ಬೆರಗಾದೆನು. ತಾಡವೋಲೆಗಳ ಪಾಠವನ್ನು ಪರಿಷ್ಕರಿಸುವಾಗ ನಮ್ಮ ಗುರುಗಳು ಹೇಳುತ್ತಿದ್ದುದೂ ಇದನ್ನೇ: ತಪ್ಪು ಕಣ್ಣಿಗೆ ಬಿದ್ದ ಪ್ರತಿಯಲ್ಲಿಯೇ ಅದು ಹುಟ್ಟಿತೆಂದು ತಿಳಿಯಬೇಡ, ಹಿಂದಿನ ಪ್ರತಿಗೆ ಹೋಗು, ಅದರ ಹಿಂದಿನದಕ್ಕೆ ಹೋಗು.

ಡಬ್ಬಿ ತುಂಬಿಸಿ ಎಂಜಿನ್ನನ್ನು ಮೆಲ್ಲಗೆ ನಡೆಸಿದರು. ಎಲ್ಲಿಯೂ ಹನಿಯಿಲ್ಲ. ಹಿಂದಿನ ಗ್ಯಾರೇಜಿನವರು ಇಷ್ಟಕ್ಕೇ ತೃಪ್ತರಾಗಿದ್ದಿರಬೇಕು. ಮಿಸ್ತ್ರಿಯವರು ಚಾಲಕನನ್ನು ಮೇಲೆ ಕೂರಿಸಿ, ಚಕ್ರವನ್ನು ಎಡಕ್ಕೆ, ಬಲಕ್ಕೆ ಕೊನೆಯವರೆಗೆ ತಿರುಗಿಸಲು ಹೇಳಿದರು. ಕೊನೆಯಲ್ಲಿ ಕ್ಷಣಮಾತ್ರ ಹಿಡಿದು ಬಿಡಬೇಕು, ಹೆಚ್ಚು ಹೊತ್ತು ಹಿಡಿದರೆ ಪಂಪು ಕೆಡುವುದೆಂದು ಎಚ್ಚರಿಸಿದರು. ತಾವು ಒಂದು ರಟ್ಟಿನ ತುಂಡನ್ನು ಪೈಪಿನ ಗುಂಟ ಹಿಡಿದರು. ಶಿಷ್ಯ ಹುಡುಗ ಕೈ ಚಾಚಿದಾಗ ಗದರಿದರು. ನೂರು ಬಾರ್ ಮೀರುವ ಒತ್ತಡದಲ್ಲಿ ಕೂದಲೆಳೆಯಂತೆ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಮೂರನೆಯ ಬಾರಿ ಬಲಕ್ಕೆ ತಿರುಗಿಸಿದಾಗ ರಟ್ಟಿನ ಮೇಲೆ ಕೆಂಪು ಗೆರೆಯೊಂದು ಮೂಡಿತು.

ಬಾಕ್ಸು ನಿರಪರಾಧಿಯಾಗಿತ್ತು. ಸೋರುತ್ತಿದ್ದುದು ಅದಕ್ಕಿಂತ ಒಂದು ಮೊಳ ಮೇಲೆ, ಪಂಪಿನಿಂದ ಬರುವ ಒತ್ತಡದ ಪೈಪು. ಅದು ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ, ಮೇಲಿನ ರಬ್ಬರು ಹೋಗಿ, ಒಳಗಿನ ತಂತಿಯ ಹೆಣಿಗೆ ಹೊಳೆಯುತ್ತಿತ್ತು. ಪೈಪನ್ನು ಅಂಚಿನಿಂದ ದೂರ ಹಿಡಿಯಬೇಕಾದ ಕ್ಲಿಪ್ಪು ಅಲ್ಲಿರಲಿಲ್ಲ. ಅದರ ಬೋಲ್ಟಿನ ತೂತು ಮಾತ್ರ ಬರಿದಾಗಿತ್ತು. ಬಾಕ್ಸನ್ನು ಇಳಿಸಿ ಏರಿಸಿದವರು ಕ್ಲಿಪ್ಪನ್ನು ಮರಳಿ ಹಾಕುವುದನ್ನು ಮರೆತಿದ್ದರು. ಹಳೆಯ ಸೋರಿಕೆಯನ್ನು ನಿಲ್ಲಿಸಿದ ಕೈಯೇ ಹೊಸದನ್ನು ಬಿತ್ತಿತ್ತು.

"ಮ್ಯಾಲ ರಬ್ಬರ್ ಸುತ್ತಿ ತಂತಿ ಬಿಗದ್ರ ಅಂಕೋಲಾ ಮುಟ್ಟಬಹುದಲ್ರಿ ಚಾಚಾ?" ಎಂದು ಚಾಲಕನು ಕೇಳಿದನು. ಅವರು ತಲೆಯಾಡಿಸಿದರು. ಮರಳುವ ಪೈಪಿನಲ್ಲಿ ಒತ್ತಡ ಕಡಿಮೆ. ಅಲ್ಲಿ ಪಟ್ಟಿ ಬಿಗಿದರೆ ನಡೆದೀತು. ಒತ್ತಡದ ಪೈಪಿಗೆ ತೇಪೆಯಿಲ್ಲ, ಅದನ್ನು ಬದಲಿಸಲೇಬೇಕು. ಆ ಅಳತೆಯ ಪೈಪು ಊರಿನಲ್ಲಿ ಸಿಗಲಿಲ್ಲ. ಹುಬ್ಬಳ್ಳಿಗೆ ಫೋನು ಮಾಡಿ ಬಸ್ಸಿನಲ್ಲಿ ತರಿಸಬೇಕಾಯಿತು. ಈರುಳ್ಳಿಯ ವ್ಯಾಪಾರಿ ಬಾಡಿಗೆಯಲ್ಲಿ ಸಾವಿರ ರೂಪಾಯಿ ಮುರಿಯುವೆನೆಂದನು. ನಾನು ಮಿತ್ರರಿಗೆ ಫೋನು ಮಾಡಿ, ಬರಲಾಗದೆಂದು ತಿಳಿಸಿದೆ. ಅತ್ತಲಿಂದ ಒಂದು ಕ್ಷಣ ಮೌನ. ಆಮೇಲೆ, "ನೀವು ಕ್ಷೇಮವಾಗಿ ಬನ್ನಿ, ಸಾಕು" ಎಂದರು.

ಪೈಪು ಬಂದದ್ದು ಸಂಜೆ ಐದಕ್ಕೆ. ಎರಡೂ ತುದಿಗಳಿಗೆ ಹೊಸ ತಾಮ್ರದ ವಾಶರ್ ಹಾಕಿದರು. ಒಮ್ಮೆ ಬಿಗಿದು ಚಪ್ಪಟೆಯಾದ ವಾಶರ್ ಮತ್ತೆ ಸರಿಯಾಗಿ ಕೂರದಂತೆ. ಮೊದಲು ಕ್ಲಿಪ್ಪನ್ನು ಕೂರಿಸಿ, ಪೈಪು ಯಾವ ಅಂಚಿಗೂ ತಾಗದಂತೆ ನೋಡಿಕೊಂಡು ಕೊನೆಗೆ ಬಿಗಿದರು. ನೊರೆಗಟ್ಟಿದ ಎಣ್ಣೆಯನ್ನು ಬಸಿದು, ಡಬ್ಬಿಯೊಳಗಿನ ಜಾಲರಿಯನ್ನು ಬದಲಿಸಿ, ತಯಾರಕರು ಹೇಳಿದ ಜಾತಿಯ ಎಣ್ಣೆಯನ್ನೇ ತುಂಬಿದರು. ಅವಸರದಲ್ಲಿ ಬ್ರೇಕ್ ಎಣ್ಣೆ ಸುರಿಯುವವರೂ ಉಂಟಂತೆ. ಅದು ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಬಳಿಕ ಮುಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ, ಎಂಜಿನ್ ಆರಿಸಿಯೇ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಹಲವು ಸಲ ತಿರುಗಿಸಿದರು. ಡಬ್ಬಿಯಲ್ಲಿ ಗುಳ್ಳೆಗಳು ಎದ್ದು ಒಡೆದವು. ಎಣ್ಣೆ ಇಳಿದಷ್ಟನ್ನೂ ಮತ್ತೆ ತುಂಬಿದರು. ಗುಳ್ಳೆ ನಿಂತ ಮೇಲೆ ಎಂಜಿನ್ ಹಚ್ಚಿದರೆ ಆ ಕೊರಗಿನ ಸದ್ದಿರಲಿಲ್ಲ. ಕೂಲಿಯೂ ಸಾಮಾನೂ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. "ಇಪ್ಪತ್ತು ಕಿಲೋಮೀಟರ್ ಹೋಗಿ ಒಮ್ಮೆ ಬಗ್ಗಿ ನೋಡು" ಎಂಬುದು ಅವರ ಕೊನೆಯ ಮಾತು.

ಮರುದಿನ ನಸುಕಿನಲ್ಲಿ ಘಟ್ಟವನ್ನಿಳಿದೆವು. ಮಂಜು ಕಣಿವೆಯನ್ನು ತುಂಬಿತ್ತು. ಒಂದೊಂದು ತಿರುವಿನಲ್ಲಿಯೂ ನನ್ನ ಕಣ್ಣು ಕಾಡಿನ ಮೇಲಿರಲಿಲ್ಲ, ಶಿಷ್ಯನ ಕೈಗಳ ಮೇಲಿತ್ತು. ಗುಳ್ಳಾಪುರದ ಹತ್ತಿರ ಅವನು ವೇಗ ತಗ್ಗಿಸಿ ಸುಮ್ಮನಾದನು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ, ಹಣ್ಣುಗಳೊಡನೆ ವ್ಯಾಪಾರಿಗಳನ್ನು ಹೊತ್ತು ಹೊರಟಿದ್ದ ಲಾರಿ ಈ ಭಾಗದಲ್ಲಿ ಕಂದಕಕ್ಕೆ ಉರುಳಿ ಹತ್ತು ಜನರು ಪ್ರಾಣ ನೀಗಿದರು. ಎದುರು ವಾಹನಕ್ಕೆ ದಾರಿ ಬಿಡಲು ಹೋಗಿ ಹಾಗಾಯಿತೆಂದು ಅಂದು ವರದಿಯಾಗಿತ್ತು. ಅದರ ಕಾರಣವೇ ಬೇರೆ. ಆದರೂ ಈ ದಾರಿಯ ಅಂಚು ಎಷ್ಟು ಕಿರಿದೆಂಬುದನ್ನು ಆ ತಾಣ ಹೇಳುತ್ತದೆ. ನಿನ್ನೆ ನನ್ನ ಮಾತು ನಡೆದಿದ್ದರೆ, ಎಂದು ಯೋಚಿಸುವ ಧೈರ್ಯ ನನಗಾಗಲಿಲ್ಲ.

ಘಟ್ಟ ಮುಗಿದೆಡೆ ಲಾರಿ ನಿಲ್ಲಿಸಿ ಅವನು ಬಗ್ಗಿ ನೋಡಿದನು. "ಒಣಾ ಐತ್ರಿ ಗುರುಗಳ" ಎಂದು ನಕ್ಕನು. "ತಮ್ಮಾ, ನಿನ್ನೆ ನಾನು ಹೇಳಿದ್ದು ತಪ್ಪು. ಇಂಥ ವಿಷಯದಲ್ಲಿ ನನ್ನ ಮಾತನ್ನು ಕೇಳಬೇಡ" ಎಂದೆನು. ಅವನು ನಾಚಿ ಮುಖ ತಿರುಗಿಸಿದನು.

ಶಾಲೆಯಲ್ಲಿ ಸಮಾರಂಭ ಹಿಂದಿನ ಸಂಜೆಯೇ ಮುಗಿದಿತ್ತು. ಬರಿಗೋಡೆಯೆದುರು ಒಂದು ಬೆಂಚಿಟ್ಟು, ಮಕ್ಕಳು ತಮ್ಮ ಪಾಠದ ಪುಸ್ತಕಗಳನ್ನೇ ಅದರ ಮೇಲೆ ಜೋಡಿಸಿ ವಾಚನಾಲಯವನ್ನು ತೆರೆದಿದ್ದರಂತೆ. ಆ ಬೆಂಚು ಇನ್ನೂ ಅಲ್ಲಿಯೇ ಇತ್ತು. ಮಕ್ಕಳು ಓಡಿಬಂದು ಸಾಲಾಗಿ ನಿಂತು, ಕೈಯಿಂದ ಕೈಗೆ ಮುನ್ನೂರು ಪುಸ್ತಕಗಳನ್ನು ಇಳಿಸಿಕೊಂಡರು.

ಬಂಧುಗಳೇ, ಇಂದು ನಮ್ಮ ಮನೆಗಳಲ್ಲಿ ಲಾರಿ, ಟ್ರ್ಯಾಕ್ಟರು, ಕಾರುಗಳು ಸಾಮಾನ್ಯವಾಗಿವೆ. ಅವುಗಳನ್ನು ನಡೆಸುವವರು ನಮ್ಮ ಮಕ್ಕಳೋ, ನಮ್ಮನ್ನು ನಂಬಿ ದುಡಿಯುವವರೋ ಆಗಿರುತ್ತಾರೆ. ಅವರು ವಾಹನ ನಿಲ್ಲಿಸಿ "ಏನೋ ಸದ್ದು ಬರುತ್ತಿದೆ" ಎಂದಾಗ, ಹಿರಿಯರಾದ ನಾವು ಗಡಿಯಾರ ನೋಡಿಕೊಳ್ಳುವುದನ್ನು ಬಿಡಬೇಕು. ಅಷ್ಟನ್ನು ಕಲಿಯಲು ನನಗೆ ಯಲ್ಲಾಪುರದಲ್ಲಿ ಒಂದು ಹಗಲು ಬೇಕಾಯಿತು.